ಒಂದು ಕೆಂಪು, ಒಂದು ಹಳದಿ

ಐಹೊಳೆ
9 ಜೂನ್ 2025

ಯಾಸೀನ ಕಾಕಾ ಅವರಿಗೆ ಐಹೊಳೆಯ ಕಲ್ಲಪ್ಪನ ಮಗಳು ಮಹೇಶ್ವರಿ ಮಾಡುವ ಶರಣು.

ಅಪ್ಪನ ಹೆಸರು ಓದಿದ ಕೂಡಲೇ ಕಾಗದ ಮಡಚಿಡಬೇಡಿ. ನಾಲ್ಕು ಸಾಲು ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕಿ. ಹೋದ ವಾರ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿಮ್ಮ ಮೊಮ್ಮಗಳು ಮುಬಶೀರಾ ಎತ್ತಿದಳು. "ಅಜ್ಜಗ ಕಿವಿ ಪೂರಾ ಹೋಗ್ಯಾವ್ರಿ ಅಕ್ಕಾರ. ಮೊಬೈಲಿನಾಗ ಬರದು ಕಳಿಸಿದ್ರ ನೋಡಂಗಿಲ್ಲ. ಕಾಗದ ಹಾಕ್ರಿ, ಹತ್ತು ಸಲ ಓದ್ತಾರ" ಎಂದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊದಲ ಸಲ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ಬಂದೂಕಿನ ಲೈಸೆನ್ಸ್ ಸಿಕ್ಕಿದೆ. ಬೆಳೆ ಕಾಯುವುದಕ್ಕೆಂದು ಎರಡು ವರ್ಷದ ಹಿಂದೆ ಅರ್ಜಿ ಹಾಕಿದ್ದೆ. ಅಷ್ಟರಲ್ಲಿ ಇನ್ನೊಂದು ಕಾರಣವೂ ಹುಟ್ಟಿಕೊಂಡಿತು. ಮೇ ತಿಂಗಳಲ್ಲಿ ಬೋರ್‌ವೆಲ್ಲಿನ ಕೇಬಲ್ ಕೊಯ್ಯಲು ಮೂವರು ಬಂದಿದ್ದರು. ಅಪ್ಪ ಬಡಿಗೆ ಹಿಡಿದು ಹೊರಗೆ ಹೋದ. ಅವನ ಎಡಗೈಯಲ್ಲಿ ಎರಡೇ ಬೆರಳು, ನಿಮಗೇ ಗೊತ್ತು. ಬಡಿಗೆ ಕಿತ್ತುಕೊಂಡು ಅವನನ್ನು ಬದುವಿನ ಕೆಳಗೆ ನೂಕಿದರು. ಎಪ್ಪತ್ನಾಲ್ಕು ವರ್ಷದ ಮನುಷ್ಯ ಮಣ್ಣಲ್ಲಿ ಬಿದ್ದದ್ದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ. ನನ್ನ ಗಂಡ ವಿಜಯಮಹಾಂತೇಶ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಮೇಷ್ಟ್ರು. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಹೊಲ, ಮನೆ, ಅಪ್ಪ, ಅವ್ವ ಎಲ್ಲ ನನ್ನ ಪಾಲಿಗೆ.

ಯಾವ ಬಂದೂಕು ಕೊಳ್ಳಲಿ? ಹಂದಿಗೂ ಆಗಬೇಕು, ಮನೆ ಕಾಯುವುದಕ್ಕೂ ಆಗಬೇಕು, ನನ್ನ ಕೈಗೂ ಒಗ್ಗಬೇಕು. ಒಂದೇ ಕೊಳ್ಳುವುದು, ಅದೂ ಮೊದಲನೆಯದು. ಈ ಸೀಮೆಯಲ್ಲಿ ಬಂದೂಕು ಬಲ್ಲವರು ಯಾರೆಂದು ಕೇಳಿದರೆ ಹಳಬರೆಲ್ಲ ನಿಮ್ಮ ಹೆಸರನ್ನೇ ಹೇಳುತ್ತಾರೆ, ಹೇಳಿ ತಕ್ಷಣ ಸುಮ್ಮನಾಗುತ್ತಾರೆ. ಮೂವತ್ತೆರಡು ವರ್ಷದ ಹಿಂದೆ ನೀವು ರಿಪೇರಿ ಮಾಡಿಕೊಟ್ಟ ಬಂದೂಕು ಅಪ್ಪನ ಕೈಯಲ್ಲೇ ಸಿಡಿದದ್ದು, ಬೆಸುಗೆಯಲ್ಲಿ ನನ್ನದೇ ತಪ್ಪು ಎಂದು ನೀವೇ ಊರ ಮುಂದೆ ಹೇಳಿದ್ದು, ಆಮೇಲೆ ನಿಮ್ಮ ಅಂಗಡಿ ಮುಚ್ಚಿದ್ದು, ಎಲ್ಲ ನನಗೆ ಗೊತ್ತು. ಅದನ್ನು ಕೆದಕುವುದಕ್ಕೆ ಬರೆಯುತ್ತಿಲ್ಲ. ಒಮ್ಮೆ ತಪ್ಪಿದವನೇ ಎರಡನೆಯ ಸಲ ಸರಿಯಾಗಿ ನೋಡುತ್ತಾನೆ ಎಂದು ನನ್ನ ಲೆಕ್ಕಾಚಾರ.

ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ನಿಮ್ಮ ಉತ್ತರದ ದಾರಿ ನೋಡುವ
ಮಹೇಶ್ವರಿ


ಇಳಕಲ್
20 ಜೂನ್ 2025

ಮಗಳು ಮಹೇಶ್ವರಿಗೆ ಯಾಸೀನನ ಸಲಾಂ.

ಕಾಗದ ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸ್ ಇದೆ.

ನನ್ನಿಂದ ಆಗದು. ಬಂದೂಕು ಮುಟ್ಟಿ ಮೂವತ್ತೆರಡು ವರ್ಷವಾಯಿತು. ಈಗ ಮಗ್ಗದ ಲಾಳಿ ಕೆತ್ತುತ್ತೇನೆ, ಪವರ್‌ಲೂಮಿನ ಹಲ್ಲು ಮುರಿದರೆ ಕೂಡಿಸುತ್ತೇನೆ. ಲಾಳಿ ತಪ್ಪಿದರೆ ಎಳೆ ಹರಿಯುತ್ತದೆ, ಅಷ್ಟೇ. ಈ ವಯಸ್ಸಿಗೆ ಅಷ್ಟು ಅಪಾಯ ಸಾಕು. ಹುಬ್ಬಳ್ಳಿಯಲ್ಲಿ ಬಂದೂಕಿನ ಅಂಗಡಿ ಇದೆ, ಅಲ್ಲಿ ಕೇಳು. ಮಾರುವವರು ಚೆನ್ನಾಗಿಯೇ ಹೇಳುತ್ತಾರೆ, ಮಾರಬೇಕಲ್ಲ.

ಕಲ್ಲಪ್ಪನನ್ನು ಬದುವಿನ ಕೆಳಗೆ ನೂಕಿದರೆಂದು ಓದಿ ಊಟ ಸೇರಲಿಲ್ಲ. ಸೊಂಟಕ್ಕೆ ಪೆಟ್ಟಾಯಿತೇ? ನಿಮ್ಮಪ್ಪ ಹೇಳುವುದಿಲ್ಲ, ನೀನೇ ನೋಡು. ಕುಳಿತಲ್ಲಿಂದ ಏಳುವಾಗ ನೆಲಕ್ಕೆ ಕೈ ಊರಿದರೆ ಪೆಟ್ಟಾಗಿದೆ ಎಂದರ್ಥ.

ಅವನಿಗೆ ಹೇಳದೆ ನನಗೆ ಬರೆದದ್ದು ಸರಿಯಲ್ಲ. ಇನ್ನು ಬರೆಯಬೇಡ.

ಯಾಸೀನ

ಒಂದು ಮಾತು. ಮೊಣಕೈ ಮಡಚಿದರೆ ಒಳಗೆ ಗೆರೆ ಬೀಳುತ್ತದಲ್ಲ, ಅಲ್ಲಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ನಿನ್ನ ಅಳತೆ ಎಷ್ಟು? ಸುಮ್ಮನೆ ಕೇಳಿದೆ.


ಐಹೊಳೆ
2 ಜುಲೈ 2025

ಯಾಸೀನ ಕಾಕಾ,

ಹದಿಮೂರು ಕಾಲು ಇಂಚು. ನಮ್ಮವರು ಶನಿವಾರ ಟೇಪು ಹಿಡಿದು ಅಳೆದರು. "ಬ್ಲೌಸಿಗೇನು?" ಎಂದರು. ಬಂದೂಕಿಗೆ ಎಂದೆ. ಅವತ್ತು ಚಹಾ ಅವರೇ ಮಾಡಿಕೊಟ್ಟರು.

ಇನ್ನು ಬರೆಯಬೇಡ ಎಂದು ಬರೆದು ಕೆಳಗೆ ಪ್ರಶ್ನೆ ಕೇಳಿದರೆ ನಾನು ಏನು ಮಾಡಲಿ? ಪ್ರಶ್ನೆಗೆ ಉತ್ತರ ಕೊಡದಿರುವುದು ನಮ್ಮ ಮನೆಯ ಪದ್ಧತಿಯಲ್ಲ.

ಅಪ್ಪ ನೆಲಕ್ಕೆ ಕೈ ಊರಿಯೇ ಏಳುತ್ತಾನೆ. ನೀವು ಹೇಳುವವರೆಗೆ ನಾನು ಗಮನಿಸಿರಲಿಲ್ಲ. ಬಾದಾಮಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಎಲುಬಿಗೆ ಏನೂ ಆಗಿಲ್ಲ, ನರ ಹಿಡಿದಿದೆಯಂತೆ. ಮೂವತ್ತೆರಡು ವರ್ಷ ಕಾಣದ ಮನುಷ್ಯನ ಸೊಂಟ ಇಳಕಲ್ಲಿನಲ್ಲಿ ಕುಳಿತು ನಿಮಗೆ ಹೇಗೆ ಕಂಡಿತೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಈಗ ಹಂದಿಯ ವಿಷಯ. ಶೇಂಗಾ ಬಿತ್ತಿ ಹತ್ತು ದಿನಕ್ಕೆ ಬಂದವು. ಬಿತ್ತಿದ ಸಾಲನ್ನೇ ಹಿಡಿದು, ಕಾಳು ಬಿದ್ದಲ್ಲೆಲ್ಲ ಅಗೆದು ತಿಂದಿವೆ. ನಾವು ಕೂರಿಗೆ ಹಿಡಿದು ಹಾಕಿದ ಸಾಲಿಗಿಂತ ಅವು ಅಗೆದ ಸಾಲೇ ನೆಟ್ಟಗಿತ್ತು. ನಿನ್ನೆ ನಸುಕಿನಲ್ಲಿ ಡಬ್ಬಿ ಬಡಿಯುತ್ತ ಹೋದೆ. ಹೊಲದ ಅಂಚಿಗೆ ಪೂಜೆಯಿಲ್ಲದ ಆ ಸಣ್ಣ ಕಲ್ಲುಗುಡಿ ಇದೆಯಲ್ಲ, ಅದರ ಹಿಂದಿನಿಂದ ಒಂದು ಹೆಣ್ಣು ಹಂದಿ ಹೊರಬಂತು. ಕರಿ ಎಮ್ಮೆಯ ಕರುವಿನಷ್ಟು ಎತ್ತರ. ಹಿಂದೆ ಮರಿಗಳು, ಎಣಿಸಿದೆ, ಒಂಬತ್ತು. ಮೈಮೇಲೆಲ್ಲ ಗೆರೆ. ಅದು ನನ್ನನ್ನು ನೋಡಿತು, ಓಡಲಿಲ್ಲ. ಮರಿಗಳೆಲ್ಲ ಗುಡಿಯ ಮೆಟ್ಟಿಲು ದಾಟುವವರೆಗೆ ನನಗೂ ಅವಕ್ಕೂ ನಡುವೆ ಅಡ್ಡ ನಿಂತು, ಕೊನೆಯ ಮರಿ ದಾಟಿದ ಮೇಲೆ ಹೋಯಿತು. ಡಬ್ಬಿ ಬಡಿಯುವುದನ್ನೇ ಮರೆತು ನಿಂತಿದ್ದೆ ಕಾಕಾ. ಶೇಂಗಾ ಹೋದರೆ ಹೋಗಲಿ ಅನಿಸಿತು ಒಂದು ಗಳಿಗೆ. ಮನೆಗೆ ಬಂದು ಹೊಲದ ನಷ್ಟ ಲೆಕ್ಕ ಹಾಕಿದಾಗ ಮತ್ತೆ ಸಿಟ್ಟು ಬಂತು ಅನ್ನಿ.

ನೀವೂ ಅಪ್ಪನೂ ಹಂದಿ ಕಾಯಲು ಜೊತೆಗೆ ಕೂರುತ್ತಿದ್ದಿರಂತೆ. ಅವ್ವ ಈಗಲೂ ನಗುತ್ತಾಳೆ. "ಇಂವಾ ಲಿಂಗ ಕಟ್ಟಿದಾಂವ, ಅಂವಾ ನಮಾಜ್ ಮಾಡಾಂವ. ಹೊಡದದ್ದನ್ನ ಇಬ್ರೂ ತಿನ್ನೂದಿಲ್ಲ. ಎಂಥಾ ಶಿಕಾರಿ ಮಾಡ್ತಿದ್ರೋ!" ಅವಳು ಹೀಗೆ ನಗುವಾಗ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಲೈಸೆನ್ಸಿನ ವಿಚಾರಣೆಗೆ ಪೊಲೀಸರು ಬಂದಾಗಲೂ ಹಾಗೇ ಎದ್ದು ಹೋದ. ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದೇನೆ.

ಹೆಂಗಸರಿಗೆ ಇಪ್ಪತ್ತು ಬೋರಿನ ಬಂದೂಕು ಹಗುರ, ಭುಜಕ್ಕೆ ಒದೆಯುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿದೆ. ಮೊದಲು ನಮ್ಮ ಮನೆಯಲ್ಲೂ ಅಜ್ಜನದೊಂದು ಅಂಥದ್ದಿತ್ತು. ಅದೇ ತೆಗೆದುಕೊಳ್ಳಲೇ? ಆಮೇಲೆ ಬೇಕಾದರೆ ಹನ್ನೆರಡು ಬೋರಿನದೂ ಒಂದು ಇಟ್ಟುಕೊಳ್ಳಬಹುದಲ್ಲ?

ಮಹೇಶ್ವರಿ


ಇಳಕಲ್
19 ಜುಲೈ 2025

ಮಗಳೇ,

ಎರಡು ವಾರ ಬರೆಯದೆ ಇದ್ದೆ. ನೀನು ಕೊನೆಗೆ ಕೇಳಿದ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ಹೇಳಿಬಿಡುತ್ತೇನೆ, ಇದೊಂದೇ ಸಲ.

ಮೊದಲು ಶಿಕಾರಿ ಎಂಬುದನ್ನು ತಲೆಯಿಂದ ತೆಗೆ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಮೊಲ, ನವಿಲು, ಚಿಗರಿ ಯಾವುದಕ್ಕೂ ಗುರಿ ಇಡುವಂತಿಲ್ಲ. ಹಂದಿಗೂ ಅರಣ್ಯ ಇಲಾಖೆಯ ಕಾಗದ ಕೈಯಲ್ಲಿರಬೇಕು. ಮರಿ ಕಟ್ಟಿಕೊಂಡ ಹೆಣ್ಣಿಗೆ ಕಾಗದವಿದ್ದರೂ ಹೊಡೆಯಬೇಡ. ಅದು ನಿನ್ನ ಎದುರು ಅಡ್ಡ ನಿಂತದ್ದನ್ನು ನೀನು ನೋಡಿದ್ದೀಯ, ಇನ್ನು ನಿನಗೆ ಹೊಡೆಯಲು ಆಗುವುದೂ ಇಲ್ಲ. ಮುಕ್ಕಾಲು ಪಾಲು ಕೆಲಸ ಸದ್ದಿನಿಂದಲೇ ಆಗುತ್ತದೆ.

ಕೊಳ್ಳಬೇಕಾದದ್ದು ಹನ್ನೆರಡು ಬೋರಿನ ಜೋಡುನಳಿಗೆ, ಎರಡು ನಳಿಗೆ ಪಕ್ಕಪಕ್ಕ ಇರುವುದು. ನಡುವೆ ಮುರಿದು ತೆರೆದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಹೊಸಬರಿಗೆ ಅದಕ್ಕಿಂತ ದೊಡ್ಡ ಗುಣ ಬೇರಿಲ್ಲ. ಎಲ್ಲ ಕೆಲಸಕ್ಕೂ ಒಂದೇ ಬೇಕು ಎಂದೆಯಲ್ಲ. ಬಂದೂಕು ಒಂದೇ ಇರುತ್ತದೆ, ಒಳಗೆ ತುಂಬುವ ಮದ್ದುಗುಂಡಿನ ತೋಟಾ ಬದಲಾದರೆ ಅದರ ಕೆಲಸ ಬದಲಾಗುತ್ತದೆ. ಸಾಸಿವೆಯಷ್ಟು ಚರೆಯ ತೋಟಾ ಇದೆ, ಕಡಲೆಯಷ್ಟು ದಪ್ಪ ಗುಂಡಿನದೂ ಇದೆ. ಎರಡು ನಳಿಗೆಯೂ ಒಂದೇ ಎಂದು ತಿಳಿಯಬೇಡ. ಬಲದ್ದರ ಬಾಯಿ ಸಡಿಲ, ಹತ್ತಿರದ್ದಕ್ಕೆ. ಎಡದ್ದರ ಬಾಯಿ ಕೊಂಚ ಬಿಗಿ, ದೂರದ್ದಕ್ಕೆ. ಬಿಗಿ ಎಂದರೆ ಎಷ್ಟು? ಉಗುರಿನ ದಪ್ಪ. ಅಷ್ಟಕ್ಕೇ ನಲವತ್ತು ಹೆಜ್ಜೆ ಆಚೆ ಚರೆಗಳು ಚದುರದೆ ಕೂಡಿಕೊಂಡು ಹೋಗುತ್ತವೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿದೆ, ಪ್ರತಿ ಸಲ ನೋಡಿ ಯಾ ಅಲ್ಲಾ ಅಂದಿದ್ದೇನೆ.

ಅಂಗಡಿಯಲ್ಲಿ ಹೀಗೆ ಮಾಡು. ಖಾಲಿ ಎಂದು ನೀನೇ ತೆರೆದು ನೋಡಿ, ನಳಿಗೆ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡು. ಬೆಳಕಿನ ಉಂಗುರಗಳು ಕಾಣುತ್ತವೆ, ಒಂದರೊಳಗೆ ಒಂದು, ಕೊನೆಯವರೆಗೆ. ಯಾವ ಉಂಗುರವೂ ಸೊಟ್ಟಗಿರಬಾರದು. ಮೊದಲ ಸಲ ನನ್ನ ಉಸ್ತಾದರು ತೋರಿಸಿದಾಗ ನನಗೆ ಹದಿನೈದು. ಕೊಲ್ಲುವ ವಸ್ತುವಿನ ಹೊಟ್ಟೆಯಲ್ಲಿ ಇಷ್ಟು ಬೆಳಕಿದೆಯಲ್ಲ ಎಂದು ಬಾಯಿ ತೆರೆದು ನಿಂತಿದ್ದೆ.

ಭುಜಕ್ಕೆ ಕೊಡುವ ಕಟ್ಟಿಗೆಯ ಭಾಗ ಗಂಡಸರ ಅಳತೆಗೆ ಹದಿನಾಲ್ಕು ಇಂಚಿನ ಮೇಲೆ ಇರುತ್ತದೆ. ನಿನಗೆ ಒಂದು ಇಂಚು ಉದ್ದವಾಗುತ್ತದೆ. ಹಾಗೇ ಹೊಡೆದರೆ ಭುಜಕ್ಕೆ ಕೂರದೆ ತೋಳಿಗೆ ಒದೆಯುತ್ತದೆ. ಒದೆತಕ್ಕೆ ಹೆದರುವುದು ಅಳತೆ ತಪ್ಪಿದವರು ಮಾತ್ರ. ತಿಳಿದವರಿಂದ ಕೊಯ್ಯಿಸಬೇಕು.

ಕಳ್ಳರು ಬಂದರೆ ಹೊರಗೆ ಹೋಗಬೇಡ. ಬಾಗಿಲು ಹಾಕಿ ಒಳಗಿದ್ದು ಕೂಗು, ಪೊಲೀಸರಿಗೆ ಫೋನ್ ಮಾಡು. ನಿಮ್ಮಪ್ಪನನ್ನು ಹಿಡಿದು ಕೂರಿಸು. ಅವರು ಬಾಗಿಲು ಮುರಿದು ಒಳಗೆ ಬಂದರೆ ಮಾತ್ರ ಅದರ ಕೆಲಸ. ತಾಮ್ರದ ತಂತಿಗಾಗಿ ಯಾರ ಜೀವವೂ ಹೋಗಬಾರದು. ಬಂದೂಕು ಒಂದು ಕಡೆ, ತೋಟಾ ಒಂದು ಕಡೆ, ಎರಡಕ್ಕೂ ಬೀಗ.

ಇನ್ನು ನಿನ್ನ ಇಪ್ಪತ್ತು ಬೋರ್. ಇದನ್ನು ಎರಡು ಸಲ ಓದು. ಒಂದು ಮನೆಯಲ್ಲಿ ಎರಡು ಬೋರಿನ ತೋಟಾ ಇರಲೇಬಾರದು. ಅಂಕಿ ದೊಡ್ಡದಾದಷ್ಟು ನಳಿಗೆ ಸಣ್ಣದು, ತೋಟಾವೂ ಸಣ್ಣದು. ಇಪ್ಪತ್ತರ ತೋಟಾ ಹಳದಿ, ಹನ್ನೆರಡರದ್ದು ಸಾಮಾನ್ಯವಾಗಿ ಕೆಂಪು. ಹಳದಿಯದನ್ನು ತಪ್ಪಿ ಹನ್ನೆರಡರ ನಳಿಗೆಗೆ ಹಾಕಿದರೆ ಅದು ಒಳಗೆ ಜಾರಿ ಹೋಗಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಟಕ್ ಅನ್ನುತ್ತದೆ, ಹಾರುವುದಿಲ್ಲ. ತೆರೆದು ನೋಡಿದರೆ ಖಾಲಿ ಕಾಣುತ್ತದೆ. ಹಾಕುವುದನ್ನೇ ಮರೆತೆ ಎಂದುಕೊಂಡು ಕೆಂಪಿನದೊಂದು ಹಾಕುತ್ತಾರೆ. ಆಮೇಲೆ ನಳಿಗೆ ಇರುವುದಿಲ್ಲ, ನಳಿಗೆಯ ಕೆಳಗೆ ಹಿಡಿದ ಎಡಗೈಯೂ ಇರುವುದಿಲ್ಲ. ಎಂಥ ಜಾಣನಿಗೂ, ಎಂಥ ಅನುಭವಸ್ಥನಿಗೂ ಆಗುವ ತಪ್ಪು ಇದು. ಆದ್ದರಿಂದ ಒಂದೇ ಬೋರ್, ಒಂದೇ ಬಣ್ಣ.

ಭಾಳ ಬರೆದೆ. ನನ್ನ ಹೆಂಡತಿ ರಂಜಾನಬಿ ಊಟಕ್ಕೆ ಕರೆಯುತ್ತಿದ್ದಾಳಂತೆ, ಭುಜ ಹಿಡಿದು ಅಲುಗಿಸಿದಳು.

ಯಾಸೀನ


ಐಹೊಳೆ
8 ಸೆಪ್ಟೆಂಬರ್ 2025

ಕಾಕಾ,

ನೀವು ಹೇಳಿದ್ದನ್ನೇ ಕೊಂಡೆ. ಆಗಸ್ಟ್ ಕೊನೆಗೆ ಹುಬ್ಬಳ್ಳಿಗೆ ಹೋಗಿದ್ದೆವು. ಕಿಟಕಿಗೆ ಹಿಡಿದು ನೋಡಿದೆ. ಉಂಗುರಗಳು ಕಂಡವು. ನನಗೆ ನಲವತ್ತು ವರ್ಷ, ನಾನೂ ಬಾಯಿ ತೆರೆದು ನಿಂತೆ. ಅಂಗಡಿಯವನು "ಅಕ್ಕಾರ, ಇದನ್ನ ಯಾರ ಕಲಿಸಿದ್ರು?" ಎಂದ. ನಮ್ಮ ಕಾಕಾ ಎಂದೆ.

ಆಮೇಲೆ ಅವನು ತೋಟಾಗಳನ್ನು ಗಾಜಿನ ಮೇಲೆ ಇಟ್ಟ. ಒಂದು ಕೆಂಪು. "ಇದು ಇಪ್ಪತ್ತರದು, ಸುಮ್ನ ನೋಡ್ರಿ" ಎಂದು ಪಕ್ಕದಲ್ಲಿ ಒಂದು ಹಳದಿ. ಅಷ್ಟೇ ನೋಡಿದ್ದು. ಹಳದಿಯದನ್ನು ತೆಗೆದಿಡಿ ಎಂದು ಹೇಳಿ ಅಂಗಡಿಯ ಹೊರಗೆ ಬಂದೆ.

ಹತ್ತು ದಿನದಿಂದ ಒಳಗೇ ಇಟ್ಟುಕೊಂಡಿದ್ದೇನೆ, ಈಗ ಬರೆಯುತ್ತೇನೆ. ನನಗಾಗ ಎಂಟು ವರ್ಷ. ಮಹಾನವಮಿಯ ಖಂಡೇಪೂಜೆ. ಕುಡಗೋಲು, ಕೊಡಲಿ, ಎರಡು ಬಂದೂಕು, ಚರ್ಮದ ತೋಟಾಪಟ್ಟಿ, ಎಲ್ಲ ಮಣೆಯ ಮೇಲೆ. ಅವ್ವ ತಟ್ಟೆ ನನ್ನ ಕೈಗೆ ಕೊಟ್ಟು "ಈ ವರ್ಷ ನೀನ ಪೂಜಿ ಮಾಡವಾ" ಎಂದಳು. ಪಟ್ಟಿಯಲ್ಲಿ ಬರೀ ಕೆಂಪು ತೋಟಾ ಇದ್ದವು. ತಗಡಿನ ಡಬ್ಬಿಯಲ್ಲಿ ಅಜ್ಜನ ಬಂದೂಕಿನ ಹಳದಿಯವು. ಎಷ್ಟು ಚೆಂದದ ಹಳದಿ, ಅರಿಷಿಣದ ಹಾಗೆ. ನಾನು ಪಟ್ಟಿಯಿಂದ ಒಂದು ಬಿಟ್ಟು ಒಂದು ಕೆಂಪು ತೆಗೆದೆ, ಅಲ್ಲಿ ಹಳದಿ ಇಟ್ಟೆ. ಒಂದು ಕೆಂಪು, ಒಂದು ಹಳದಿ, ಚೆಂಡುಹೂವಿನ ಮಾಲೆ ಕಟ್ಟಿದ ಹಾಗೆ. ಹಳದಿಯವು ಸಡಿಲವಾಗಿ ಜಾರುತ್ತಿದ್ದವು. ದೀಪದ ಬತ್ತಿಯ ಅರಳೆ ಸುತ್ತಿ ಬಿಗಿಯಾಗಿ ಕೂರಿಸಿದೆ. ಪ್ರತಿಯೊಂದಕ್ಕೂ ದಪ್ಪಗೆ ವಿಭೂತಿ ಬಳಿದೆ, ಹಿತ್ತಾಳೆಯ ತಲೆಗೆ ಒಂದೊಂದು ಕುಂಕುಮದ ಬೊಟ್ಟು. ಕೊನೆಗೆ ಯಾವ ಬಣ್ಣವೂ ಕಾಣದಷ್ಟು ಬಳಿದಿದ್ದೆ. ಪೂಜೆಯ ಗುರುತನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಯಾರೂ ಒರೆಸಲಿಲ್ಲ.

ಎಂಟು ದಿನದ ಮೇಲೆ, ಬೆಳಗಾಗುವ ಹೊತ್ತಿಗೆ, ಅಪ್ಪ ಅದೇ ಪಟ್ಟಿ ಕಟ್ಟಿಕೊಂಡು ನಿಮ್ಮ ಜೊತೆ ಹೊಲಕ್ಕೆ ಹೋದ.

ನಿಮ್ಮ ಬೆಸುಗೆ ತಪ್ಪಿರಲಿಲ್ಲ, ಅಲ್ಲವೇ? ಹೌದು ಅಥವಾ ಇಲ್ಲ, ಒಂದೇ ಮಾತು ಬರೆಯಿರಿ. ಬಂದೂಕು ಕಪಾಟಿನಲ್ಲಿದೆ. ಠಾಣೆಗೆ ತೋರಿಸಿ ತಂದ ಮೇಲೆ ನಾನು ಮುಟ್ಟಿಲ್ಲ. ನನ್ನ ಕೈ ಮಾಡಿದ್ದು ಗೊತ್ತಾಗುವವರೆಗೆ ಆ ಕೈಯಲ್ಲಿ ಅದನ್ನು ಹಿಡಿಯಲಾರೆ.

ಮಹೇಶ್ವರಿ


ಇಳಕಲ್
17 ಸೆಪ್ಟೆಂಬರ್ 2025

ಮಗಳೇ,

ಇಲ್ಲ. ಬೆಸುಗೆಯೇ ತಪ್ಪಿತ್ತು. ಬೆಂಕಿ ಹೆಚ್ಚು ಕೊಟ್ಟಿದ್ದೆ. ಪಟ್ಟಿಯಲ್ಲಿ ಬರೀ ಕೆಂಪು ತೋಟಾ ಇದ್ದವು, ನಾನೇ ನೋಡಿದ್ದೇನೆ. ಮಕ್ಕಳ ನೆನಪು ಹಾಗೇ, ಆಗದ್ದೂ ಆದ ಹಾಗೆ ಕಾಣುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಂದೂಕಿಗೆ ಎಣ್ಣೆ ಹಚ್ಚಿಡು.

ಯಾಸೀನ

(ಇದೇ ಕಾಗದದ ಹಿಂದೆ, ಬೇರೆ ಅಕ್ಷರದಲ್ಲಿ)

ಅಕ್ಕಾರ, ನಾ ಮುಬಶೀರಾ. ಪೋಸ್ಟ್ ಮಾಡಾಕ ನನ್ನ ಕೈಯಾಗ ಕೊಟ್ರು, ಅದಕ್ಕ ಬರ್ಯಾಕತ್ತೇನಿ. ಅಜ್ಜಗ ಗೊತ್ತಿಲ್ಲ. ಈ ನಾಕ ಸಾಲು ಬರ್ಯಾಕ ಅವರು ಐದು ಕಾಗದ ಹರದಾರ್ರಿ. ನಿಮ್ಮ ಪತ್ರ ಬಂದ ದಿನ ಟ್ರಂಕಿನ ತಳದಾಗಿಂದ ಒಂದು ಚರ್ಮದ ಪಟ್ಟಿ ತಗದ್ರು. ನಾ ಹುಟ್ಟಿದಾಗಿಂದ ಅದನ್ನ ನೋಡಿಲ್ಲ. ಮದ್ದು ತಗದು ಖಾಲಿ ಮಾಡಿದ ತೋಟಾ ಅದಾವ ಅದರಾಗ. ಒಂದು ಕೆಂಪು, ಒಂದು ಹಳದಿ. ಅರಳಿ ಸೈತ ಹಂಗ ಐತಿ, ಕುಂಕುಮ ಕರ್ರಗ ಆಗೇತಿ. ತೋಟಾ ಇಡೂ ಮೂರು ಮನಿ ಖಾಲಿ ಅದಾವ.

ಅಜ್ಜಾ, ಇದೇನು, ಅಂತ ಕೈ ಮಾಡಿ ಕೇಳಿದೆ. ಅವರು ಅಂದ್ರು, "ಇಷ್ಟ ಚಂದ ಪೂಜಿ ಮಾಡಿದ ಕೂಸಿನ ಮ್ಯಾಲೆ ಯಾರರ ತಪ್ಪು ಹೊರಸ್ತಾರೇನವಾ? ಮಂದಿ ನೋಡೂದ್ರಾಗ ಇದನ್ನ ಎತಗೊಂಡು ಬಂದೆ." ಮತ್ತ ನಿಮಗ ಬರದದ್ದು ನೋಡಿದ್ರ ಇಲ್ಲ ಅಂತ ಬರದಾರ. ಸುಳ್ಳು ಪೋಸ್ಟ್ ಮಾಡಾಕ ನನಗ ಮನಸ ಬರಲಿಲ್ರಿ. ತಪ್ಪಾದ್ರ ಕ್ಷಮಾ ಮಾಡ್ರಿ.


ಐಹೊಳೆ
29 ಸೆಪ್ಟೆಂಬರ್ 2025

ಕಾಕಾ,

ನಿಮ್ಮ ಕಾಗದದ ಎರಡೂ ಮಗ್ಗುಲು ಓದಿದೆ. ಮುಬಶೀರಾಳನ್ನು ಬೈದರೆ ನನ್ನಾಣೆ.

ಒಂದು ವಾರದಿಂದ ಕೆಲಸ ಮಾಡುತ್ತ ಮಾಡುತ್ತ ನಿಂತುಬಿಡುತ್ತೇನೆ. ನಾನು ಶಾಲೆಗೆ ಹೋದೆ, ಮದುವೆಯಾದೆ, ಹೊಲ ಮಾಡಿದೆ, ಜನರ ಎದುರು ತಲೆಯೆತ್ತಿ ಮಾತಾಡಿದೆ. ಅಷ್ಟು ವರ್ಷವೂ ಇಲ್ಲಿಂದ ಅರವತ್ತು ಕಿಲೋಮೀಟರ್ ಆಚೆ ಒಬ್ಬ ಮನುಷ್ಯ ನನ್ನ ಬದಲಿಗೆ ತಲೆ ತಗ್ಗಿಸಿಕೊಂಡು ಲಾಳಿ ಕೆತ್ತುತ್ತಿದ್ದ. ಆಮೇಲೆ ಒಮ್ಮೆಯೂ ನನ್ನ ಮುಖ ನೋಡದ ಮನುಷ್ಯ. ಇಂಥದ್ದು ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ ಕಾಕಾ. ನಮ್ಮ ಐಹೊಳೆಯ ಗುಡಿಗಳನ್ನು ನೋಡಲು ಎಲ್ಲೆಲ್ಲಿಂದಲೋ ಬಂದು ಕತ್ತೆತ್ತಿ ನಿಲ್ಲುತ್ತಾರೆ. ನಾನು ದಿನಾ ನೋಡುವವಳು, ನನಗೆಂದೂ ಹಾಗೆ ಅನಿಸಿರಲಿಲ್ಲ. ಈಗ ಅನಿಸುತ್ತಿದೆ.

ನಿನ್ನೆ ಅಪ್ಪನ ಎದುರು ಕುಳಿತು ಎಲ್ಲ ಹೇಳಿದೆ. "ನಿನ್ನ ಬೆರಳು ತಗದಾಕಿ ನಾನಪ್ಪಾ" ಎಂದೆ. ಅವನು ಎರಡು ಬೆರಳಿನ ಕೈಯನ್ನು ನನ್ನ ತಲೆಯ ಮೇಲೆ ಇಟ್ಟ. ಆಮೇಲೆ ಕಾಗದ, ಪೆನ್ನು ಕೇಳಿದ. ಅವನು ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಅಂಟಿಸಿ ಕೊಟ್ಟಿದ್ದಾನೆ, ನಾನು ಓದಿಲ್ಲ.

ನಿಮ್ಮ
ಮಹೇಶ್ವರಿ


ಐಹೊಳೆ
28 ಸೆಪ್ಟೆಂಬರ್ 2025

ಯಾಸೀನ,

ಕಾಗದ ಬರೆದು ರೂಢಿಯಿಲ್ಲ. ನೇರ ಹೇಳುತ್ತೇನೆ.

ಮಗಳು ಇಂದು ಹೇಳಿದ್ದು ನನಗೆ ಮೂವತ್ತೆರಡು ವರ್ಷದಿಂದ ಗೊತ್ತು.

ಅವತ್ತು ಬೇವಿನ ಮರದ ಬುಡಕ್ಕೆ ಕುಳಿತಿದ್ದೆವು. ಹಂದಿ ಬಂತು. ನಾನು ಪಟ್ಟಿಯಿಂದ ಒಂದು ತೆಗೆದು ಹಾಕಿದೆ, ಕಣ್ಣು ಹಂದಿಯ ಮೇಲೆ. ಟಕ್ ಅಂದಿತು. ತೆರೆದೆ, ಖಾಲಿ ಕಂಡಿತು. ಅವಸರದಲ್ಲಿ ಎರಡು ತೆಗೆದೆ, ಒಂದು ಹಾಕಿದೆ, ಇನ್ನೊಂದು ಬಲಗೈ ಬೆರಳಸಂದಿಯಲ್ಲಿ ಇತ್ತು. ಸಿಡಿದ ಮೇಲೆ ನಾನು ಬಿದ್ದಲ್ಲಿ ಬಲಗೈ ಮುಷ್ಟಿ ಬಿಚ್ಚಿ ನೋಡಿದೆ. ಬೆವರಿಗೆ ವಿಭೂತಿ ಅಳಿಸಿ ಹಳದಿ ಕಾಣುತ್ತಿತ್ತು. ತಲೆಯ ಮೇಲೆ ಕುಂಕುಮ. ಸಣ್ಣ ಬೆರಳಿನ ಗುರುತು. ಯಾರು ಪೂಜೆ ಮಾಡಿದ್ದರೆಂದು ನನಗೆ ಗೊತ್ತಿತ್ತು. ಅದನ್ನು ಸಾಲಿನ ಮಣ್ಣಿನಲ್ಲಿ ಒತ್ತಿ ಮುಚ್ಚಿದೆ. ಆಮೇಲೆ ಎಚ್ಚರ ತಪ್ಪಿತು.

ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಪಟ್ಟಿ ಎಲ್ಲಿ ಎಂದು ಕೇಳಿದೆ. ಮಗಳ ಅವ್ವ ಗುರುಲಿಂಗವ್ವ, ಯಾಸೀನ ಒಯ್ದ ಎಂದಳು. ಬೆಸುಗೆ ತಪ್ಪು ಎಂದು ನೀನು ಊರ ಮುಂದೆ ಹೇಳಿದೆ ಎಂದಳು. ನೀನು ಯಾಕೆ ಹೇಳಿದೆ ಎಂದು ನನಗೆ ಆ ಕ್ಷಣ ತಿಳಿಯಿತು. ನಾನು ಒಂದು ಮಾತು ಆಡಿದ್ದರೆ ನಿನ್ನ ಅಂಗಡಿ ಉಳಿಯುತ್ತಿತ್ತು. ಕೆಂಪೋ ಹಳದಿಯೋ ನೋಡಿ ಹಾಕಬೇಕಾದವನು ನಾನು, ತಪ್ಪು ನನ್ನದು ಎಂದಾದರೂ ಅನ್ನಬಹುದಿತ್ತು. ಹಳದಿ ಎಂದ ಕೂಡಲೇ ಪಟ್ಟಿಗೆ ಹಳದಿ ಹೇಗೆ ಬಂತು ಎಂದು ಕೇಳುತ್ತಾರೆ. ಆ ಕೂಸು ಅಪ್ಪನ ಬೆರಳು ತಿಂದಾಕಿ ಎಂದು ಅನ್ನಿಸಿಕೊಂಡು ಬೆಳೆಯುತ್ತದೆ. ನನ್ನ ಮಗಳು ಉಳಿಯಲಿ, ಯಾಸೀನ ಹೋಗಲಿ ಎಂದು ಬಾಯಿ ಮುಚ್ಚಿದೆ. ನಿನ್ನ ಎಡಗಿವಿ ಅವತ್ತೇ ಹೋಯಿತೆಂದೂ ನನಗೆ ಗೊತ್ತಿತ್ತು. ರಕ್ತ ಇಳಿಯುತ್ತಿದ್ದಾಗಲೂ ನೀನು ನನ್ನನ್ನೇ ಹೊತ್ತುಕೊಂಡು ಓಡಿದೆ.

ಜನ ನನಗೆ ನಿನ್ನ ಮೇಲೆ ಸಿಟ್ಟು ಎಂದರು. ಮಗಳೂ ಹಾಗೇ ತಿಳಿದಳು. ಸಿಟ್ಟು ಎಂದು ತಿಳಿದರೆ ಯಾರೂ ಕೇಳುವುದಿಲ್ಲ, ನನಗೂ ಅದೇ ಬೇಕಿತ್ತು. ಸಿಟ್ಟಲ್ಲ ಯಾಸೀನ, ನಾಚಿಕೆ. ಇಳಕಲ್ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ನೀನು ಕೊಟ್ಟದ್ದು ಎಷ್ಟು ದೊಡ್ಡದೆಂದರೆ ಅದರ ಎದುರು ನಿಲ್ಲುವ ಧೈರ್ಯ ನನಗೆ ಈ ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ನಲವತ್ತು ವರ್ಷದ ಮಗಳು ಇಂದು ನನ್ನೆದುರು ಕುಳಿತು ತಾನೇ ತನ್ನ ತಪ್ಪು ಹೇಳಿದಳು. ಅವಳಿಗೆ ಇರುವ ಧೈರ್ಯ ಅಪ್ಪನಿಗೆ ಇರಲಿಲ್ಲ.

ಬುಧವಾರ ಖಂಡೇಪೂಜೆ. ಹೊಸ ಬಂದೂಕನ್ನು ಮಣೆಯ ಮೇಲೆ ಇಡುತ್ತೇವೆ. ಪೂಜೆ ಅವಳೇ ಮಾಡಲಿ, ವಿಭೂತಿ ನಾನು ತೇಯ್ದು ಕೊಡುತ್ತೇನೆ. ಗುರುವಾರ ಬನ್ನಿ ಹಬ್ಬ. ಬನ್ನಿ ಕೊಡುವುದಕ್ಕೆ ಚಿಕ್ಕವರು ಹಿರಿಯರ ಮನೆಗೆ ಹೋಗಬೇಕು. ನೀನು ನನಗಿಂತ ಎರಡು ವರ್ಷಕ್ಕೆ ಸಣ್ಣವನು, ಆದರೂ ಈ ಸಲ ಬರಬೇಕಾದವನು ನಾನು. ಲೈಸೆನ್ಸ್ ಹಿಡಿದುಕೊಂಡು ಮಗಳು ಬಂದೂಕು ತರುತ್ತಾಳೆ. ಅದರ ಕಟ್ಟಿಗೆ ಅವಳಿಗೆ ಒಂದು ಇಂಚು ಉದ್ದವಾಗಿದೆಯಂತೆ. ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ನಾನೇ ಹೇಳಿದ್ದೇನೆ. ಕೊಯ್ಯುವುದು ಬಿಡುವುದು ನಿನ್ನ ಇಷ್ಟ, ಅಳತೆ ಮಾತ್ರ ನೀನೇ ನೋಡಬೇಕು.

ನಾನು ಏನು ಹೇಳಿದರೂ ನಿನಗೆ ಕೇಳುವುದಿಲ್ಲ. ನನಗೂ ನಿನ್ನ ಎದುರು ಮಾತು ಹೊರಡುವುದಿಲ್ಲ. ಅದೇನೋ ಸರಿಯೇ ಆಯಿತು. ಬಾಗಿಲು ಬಡಿದರೂ ನಿನಗೆ ಕೇಳಿಸುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಗುರುವಾರ ಮುಂಜಾನೆಯಿಂದ ಬಾಗಿಲು ತೆರೆದಿಡು.

ಕಲ್ಲಪ್ಪ